ಎರಡು ದಡಗಳ ನಡುವೆ ಬೆಳೆದ ಮಕ್ಕಳು

ಕನ್ನಡಕ್ಕೆ ಮೊದಲ ಪತ್ರಿಕೆಯನ್ನೂ ಮಹಾನಿಘಂಟನ್ನೂ ಕೊಟ್ಟ ಬಾಸೆಲ್ ಮಿಶನ್ನಿನ ಪಾದ್ರಿಗಳ ಹೆಸರು ನಮಗೆ ಚೆನ್ನಾಗಿ ಗೊತ್ತು. ಅವರ ಮನೆಯ ಹೆಂಗಸರು, ಮಕ್ಕಳು ಆ ಕೆಲಸಕ್ಕೆ ತೆತ್ತ ಬೆಲೆ ಗೊತ್ತಿಲ್ಲ.

1857ರಲ್ಲಿ ಹದಿಹರೆಯದ ಮರೀ ಗುಂಡರ್ಟ್ ಯುರೋಪಿನಿಂದ ಹಡಗು ಹತ್ತಿ ಭಾರತಕ್ಕೆ ಹೊರಟಳು. ಅವಳು ಹೊರಟಿದ್ದು ಪರದೇಶಕ್ಕಲ್ಲ, ಹುಟ್ಟಿದ ನೆಲಕ್ಕೆ, ಹೆತ್ತವರ ಬಳಿಗೆ. 1842ರ ಅಕ್ಟೋಬರಿನಲ್ಲಿ ಮಲಬಾರಿನ ತಲಶ್ಶೇರಿಯಲ್ಲಿ ಅವಳ ಜನನ. ನಾಲ್ಕರ ಆಸುಪಾಸಿನಲ್ಲಿದ್ದಾಗ ಅಪ್ಪ ಅಮ್ಮ ಅವಳನ್ನು ಯುರೋಪಿಗೆ ಕರೆದೊಯ್ದು, ಅಲ್ಲಿ ಬಿಟ್ಟು, ತಮ್ಮ ಕೆಲಸಕ್ಕೆಂದು ಮಲಬಾರಿಗೆ ಮರಳಿದ್ದರು. ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿ ಅವಳ ಪಾಲಿಗೆ ಅಪ್ಪ ಅಮ್ಮ ಎಂದರೆ ಹಡಗಿನಲ್ಲಿ ಬರುವ ಕಾಗದಗಳು.

ಅಪ್ಪ ಹೆರ್ಮನ್ ಗುಂಡರ್ಟ್ ಮಲಯಾಳಂ ಭಾಷೆಗೆ ವ್ಯಾಕರಣ, ನಿಘಂಟು ಕೊಟ್ಟ ವಿದ್ವಾಂಸ. ಅಮ್ಮ ಜೂಲಿ ದ್ಯುಬುವಾ ಫ್ರೆಂಚ್ ಮಾತಾಡುವ ಸ್ವಿಸ್ ಹೆಂಗಸು. ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳಿಗೆ ವಸತಿಶಾಲೆ ನಡೆಸಿದವರು. ಊರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಈ ತಾಯಿಗೆ ತನ್ನ ಮಗಳ ಬಾಲ್ಯವನ್ನು ಕಣ್ಣಾರೆ ನೋಡುವ ಭಾಗ್ಯ ಇರಲಿಲ್ಲ. ಇದು ಈ ಒಂದು ಮನೆಯ ದುರದೃಷ್ಟವೇನಲ್ಲ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕಣ್ಣೂರು, ಕಲ್ಲಿಕೋಟೆಗಳ ಮಿಶನ್ ಬಂಗಲೆಗಳಲ್ಲಿ ಬಾಳಿದ ಹೆಚ್ಚುಕಡಿಮೆ ಎಲ್ಲ ಕುಟುಂಬಗಳ ಪಾಡೂ ಇದೇ.

ಬಾಸೆಲಿನಿಂದ ಮಂಗಳೂರಿಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಈ ಮಿಶನ್. ಹಣ ಒದಗಿಸಿದವರು ಬಾಸೆಲಿನವರು; ಪರದೇಶಕ್ಕೆ ಹೊರಟವರಲ್ಲಿ ಹೆಚ್ಚಿನವರು ಪಕ್ಕದ ಜರ್ಮನ್ ಸೀಮೆ ವುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ದಿನವೂ ಬೈಬಲ್ ಓದುವ, ದುಂದು ಅರಿಯದ, ಸೋಮಾರಿತನವನ್ನು ಪಾಪವೆಂದು ಬಗೆಯುವ ಭಕ್ತರ ಮನೆಗಳಿಂದ ಬಂದವರು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಪಾದ್ರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಡುವಣ ಕರಾವಳಿಯಲ್ಲಿ ಇಳಿದು ಮಂಗಳೂರು ಸೇರಿದರು.

ಎರಡು ವರ್ಷದ ಮೇಲೆ ಬಂದವರು ಹೆರ್ಮನ್ ಮೋಗ್ಲಿಂಗ್. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಈ ತರುಣ ಮಂಗಳೂರಿನಲ್ಲಿ ಕನ್ನಡ ಕಲಿತು, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಇಂದಿಗೂ ಕರ್ನಾಟಕದ ಪತ್ರಕರ್ತರು ಪತ್ರಿಕಾ ದಿನ ಆಚರಿಸುವುದು ಆ ತಾರೀಕಿನಂದೇ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅವರ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚಾದವು. ಒಂಟಿಯಾಗಿದ್ದು ದುಡಿದ ಮೋಗ್ಲಿಂಗರಿಗೆ ಸಂಸಾರ ಕೂಡಿಬಂದದ್ದು ನಡುವಯಸ್ಸು ದಾಟುವ ಹೊತ್ತಿಗೆ. ಅವರ ಆಪ್ತ, ಕನ್ನಡ ಬೈಬಲ್ ಕೆಲಸದ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಪರದೇಶದಲ್ಲಿ ವಿಧವೆಯಾಗಿ ಉಳಿದ ಪೌಲೀನೆಯನ್ನು ಮೋಗ್ಲಿಂಗ್ ಮದುವೆಯಾದರು. 1860ರಲ್ಲಿ ಹೆಂಡತಿಯ ದೇಹಸ್ಥಿತಿ ಕೆಟ್ಟಿತು. ಇಬ್ಬರೂ ಜರ್ಮನಿಗೆ ಮರಳಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರು, ಕೊಡಗುಗಳನ್ನು ತನ್ನದೆಂದುಕೊಂಡ ಈ ಮನುಷ್ಯ ಆಮೇಲೆ ಈ ನೆಲಕ್ಕೆ ಕಾಲಿಡಲಿಲ್ಲ. 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ಮೋಗ್ಲಿಂಗರ ಬಗ್ಗೆ ಬರೆಯುವಾಗ ನಾವು 1843ರ ಹತ್ತಿರ ನಿಲ್ಲುತ್ತೇವೆ. 1860ರ ಆ ಹಡಗಿನ ಪಯಣವನ್ನು ಯಾರೂ ನೆನೆಯುವುದಿಲ್ಲ.

ಕಮಿಟಿ ಒಪ್ಪಿದ ಮದುವೆ

ಬಾಸೆಲಿನಿಂದ ಹೊರಡುವ ಪಾದ್ರಿ ಮದುವೆಯಾಗಿರಕೂಡದು ಎಂಬುದು ಮಿಶನ್ನಿನ ನಿಯಮ. ಕೆಲವು ವರ್ಷ ಒಂಟಿಯಾಗಿ ದುಡಿದು, ಭಾಷೆ ಕಲಿತು, ಹವೆಗೆ ಒಗ್ಗಿದ ಮೇಲೆ ಮದುವೆಗೆ ಅಪ್ಪಣೆ ಬೇಡಿ ಬಾಸೆಲಿನ ಕಮಿಟಿಗೆ ಕಾಗದ ಬರೆಯಬೇಕಿತ್ತು. ಹುಡುಗಿ ಇಂಥವಳೇ ಎಂದು ಹೇಳಿದರೂ ಸರಿ, ನೀವೇ ನೋಡಿಕೊಡಿ ಎಂದರೂ ಸರಿ, ಕೊನೆಯ ಮಾತು ಕಮಿಟಿಯದು. ಹುಡುಗಿಯ ನಡತೆ, ಭಕ್ತಿ, ಆರೋಗ್ಯ ಎಲ್ಲವನ್ನೂ ವಿಚಾರಿಸಿ ಕಮಿಟಿ ಒಪ್ಪಿದರೆ ಅವಳು ಹಡಗು ಹತ್ತಬಹುದು. ಹುಡುಗನ ಮುಖವನ್ನೇ ನೋಡದ, ಅಥವಾ ಎಂದೋ ಒಮ್ಮೆ ನೋಡಿದ್ದ ಹೆಣ್ಣುಮಕ್ಕಳು ಹೀಗೆ ಹೊರಟರು. ಮಂಗಳೂರೋ ಮುಂಬಯಿಯೋ ಮುಟ್ಟಿದ ಮೇಲೆ ಮದುವೆ.

ಜಾತಕ ಹಿಡಿದು ಗಂಡು ಹುಡುಕುವ ನಮ್ಮ ಮನೆಗಳಿಗೆ ಇಂಥ ಮದುವೆ ಅಪರಿಚಿತವೇನಲ್ಲ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ಚೊಚ್ಚಲ ಹೆರಿಗೆಗೆ ಹೋಗಲು ತವರು ಇತ್ತು. ಈ ಹುಡುಗಿಯರಿಗೆ ತವರು ಸಮುದ್ರದಾಚೆ ಇತ್ತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಆಫ್ರಿಕವನ್ನು ಸುತ್ತಿ ಬರುವ ಹಡಗಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ತಾಯಿಗೆ ಕಾಗದ ಬರೆದು ಉತ್ತರ ಬರುವಷ್ಟರಲ್ಲಿ ಹುಟ್ಟಿದ ಕೂಸು ಅಂಬೆಗಾಲಿಡುತ್ತಿತ್ತು, ಇಲ್ಲವೇ ಮಣ್ಣಾಗಿರುತ್ತಿತ್ತು. ಚಳಿಜ್ವರ, ಕಾಲರಾ, ರಕ್ತಭೇದಿ ಯಾವ ಬಂಗಲೆಯನ್ನೂ ಬಿಡಲಿಲ್ಲ.

ಫರ್ಡಿನಾಂಡ್ ಕಿಟೆಲ್ ಅವರ ಮನೆಯನ್ನೇ ನೋಡಿ. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ 1860ರಲ್ಲಿ ಪೌಲೀನೆ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷ, 1864ರಲ್ಲಿ ಪೌಲೀನೆ ತೀರಿಕೊಂಡರು. ಮೂರು ವರ್ಷದ ಮೇಲೆ ಅವರ ತಂಗಿ ಜೂಲಿ ಕಿಟೆಲರ ಕೈಹಿಡಿದರು. ಅಕ್ಕ ಹೋದ ಮನೆಗೇ ತಂಗಿಯನ್ನು ಕೊಟ್ಟ ತವರಿನ ಎದೆಗಟ್ಟಿತನ ಎಂಥದಿರಬೇಕು! ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಮುಖಪುಟದಲ್ಲಿ ಕಿಟೆಲರ ಹೆಸರಿದೆ, ಅದು ನ್ಯಾಯವೇ. ಪೌಲೀನೆ, ಜೂಲಿ ಎಂಬ ಅಕ್ಕತಂಗಿಯರನ್ನು ನೆನೆಯದೆ ಆ ಪುಸ್ತಕದ ಕಥೆ ಹೇಳುವುದು ಮಾತ್ರ ಅರ್ಧ ಹೇಳಿದಂತೆ.

ಮಕ್ಕಳನ್ನು ಕಳಿಸುವ ಕಟ್ಟಳೆ

ಇವೆಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ಕುರಿತ ನಿಯಮ. 1850ರಲ್ಲಿ ಮಿಶನ್ನಿನ ಇನ್‌ಸ್ಪೆಕ್ಟರ್ (ಮುಖ್ಯಸ್ಥ) ಆಗಿ ಬಂದ ಯೋಸೆಫ್ ಯೋಸೆನ್‌ಹಾನ್ಸ್ ಎಲ್ಲವನ್ನೂ ಶಿಸ್ತಿಗೆ ತಂದ ಆಡಳಿತಗಾರ. ಅವರ ಕಾಲದಲ್ಲಿ, 1853ರಲ್ಲಿ, ಪಾದ್ರಿಗಳ ಮಕ್ಕಳು ಶಾಲೆಗೆ ಸೇರುವ ವಯಸ್ಸಿಗೆ ಯುರೋಪಿಗೆ ಬರಬೇಕು ಎಂಬ ಕಟ್ಟಳೆ ಜಾರಿಯಾಯಿತು. ಅವರಿಗೆಂದೇ ಬಾಸೆಲಿನಲ್ಲಿ ಮಕ್ಕಳ ಮನೆ ತೆರೆಯಿತು. ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ.

ಕಾರಣಗಳನ್ನು ಮಿಶನ್ ಮುಚ್ಚಿಡಲಿಲ್ಲ. ಇಲ್ಲಿನ ಹವೆ ಯುರೋಪಿನ ಮಕ್ಕಳಿಗೆ ಒಗ್ಗುವುದಿಲ್ಲ ಎಂಬುದು ಒಂದು. ಅವರಿಗೆ ತಕ್ಕ ಶಾಲೆ ಇಲ್ಲಿಲ್ಲ ಎಂಬುದು ಇನ್ನೊಂದು. ಆಯಾಗಳ ಕೈಯಲ್ಲಿ, ಊರ ಮಕ್ಕಳ ಒಡನಾಟದಲ್ಲಿ ಬೆಳೆದರೆ ಮಕ್ಕಳು ಇಲ್ಲಿಯವರೇ ಆಗಿಬಿಡುತ್ತಾರೆ ಎಂಬುದು ಮೂರನೆಯ ಭಯ. ತಂದೆತಾಯಿಯರ ಹೊತ್ತೆಲ್ಲ ದೇವರ ಕೆಲಸಕ್ಕೆ ಮೀಸಲಾಗಿರಬೇಕು ಎಂಬುದು ಎಲ್ಲದರ ಬುಡದಲ್ಲಿದ್ದ ನಂಬಿಕೆ. ಮೊದಲೆರಡು ಕಾರಣಗಳಲ್ಲಿ ಹುರುಳಿದೆ: ಎಷ್ಟೋ ಕೂಸುಗಳು ಇಲ್ಲಿಯೇ ತೀರಿಕೊಂಡವು. ಮೂರನೆಯದನ್ನು ಓದುವಾಗ ಮನಸ್ಸು ನೋಯುತ್ತದೆ. ಎತ್ತಿ ಆಡಿಸಿದ, ಊಟ ಮಾಡಿಸಿದ, ಜೋಗುಳ ಹಾಡಿದ ಆಯಾಳ ಪ್ರೀತಿಯೇ ಮಗುವಿಗೆ ಸೋಂಕು ಎಂದು ಬಗೆದ ಕಾಲ ಅದು.

ಹಾಗಾಗಿ ಐದಾರು ವರ್ಷದ ಮಕ್ಕಳು ಯಾರೋ ಊರಿಗೆ ಮರಳುವ ಪಾದ್ರಿಯ, ಪಾದ್ರಿಯಮ್ಮನ ಕೈಹಿಡಿದು ಹಡಗು ಹತ್ತಿದರು. ಬಂದರಿನಲ್ಲಿ ಅಗಲಿದ ತಾಯಿಮಗು ಮತ್ತೆ ಸೇರುವಾಗ ಮಗು ಪ್ರಾಯಕ್ಕೆ ಬಂದಿರುತ್ತಿತ್ತು. ಎಷ್ಟೋ ಮಂದಿ ಸೇರಲೇ ಇಲ್ಲ. ತಾಯಿಗೂ ಆಯ್ಕೆ ಇರಲಿಲ್ಲ: ಮಕ್ಕಳ ಜೊತೆ ಹೋದರೆ ಗಂಡ ಒಂಟಿ, ಗಂಡನ ಜೊತೆ ಉಳಿದರೆ ಮಕ್ಕಳು ಅನಾಥರಂತೆ. ಉಳಿಯುವುದೇ ಧರ್ಮ ಎಂದು ಅವಳಿಗೆ ಮೊದಲಿನಿಂದ ಹೇಳಿಕೊಡಲಾಗಿತ್ತು. ಬಾಸೆಲಿನ ದಫ್ತರದಲ್ಲಿ ಇಂದಿಗೂ ಉಳಿದಿರುವ ರಾಶಿ ರಾಶಿ ಕಾಗದಪತ್ರಗಳನ್ನು ಓದಿದ ಜರ್ಮನ್ ಸಂಶೋಧಕಿ ದಾಗ್ಮಾರ್ ಕೊನ್ರಾಡ್ ‘ಮಿಶನ್ ವಧುಗಳು’ ಎಂಬ ಅರ್ಥದ ಹೆಸರಿನ ಪುಸ್ತಕದಲ್ಲಿ ಈ ಹೆಂಗಸರ ಬದುಕನ್ನು ಬಿಡಿಸಿಟ್ಟಿದ್ದಾರೆ. ಭಾರತ, ಪಶ್ಚಿಮ ಆಫ್ರಿಕ, ಚೀನ ಎಂದು ಮಿಶನ್ ಹೋದ ಕಡೆಯೆಲ್ಲ ನಡೆದ ಕಥೆ ಇದು.

ಕಾಲ್ವ್ ಊರಿನ ಮನೆ

ಮರಳಿ ಬಂದ ಮರೀ ಬಹುಕಾಲ ಭಾರತದಲ್ಲಿ ನಿಲ್ಲಲಿಲ್ಲ. 1859ರಲ್ಲಿ ಗುಂಡರ್ಟ್ ಕಾಯಿಲೆ ಬಿದ್ದು ಜರ್ಮನಿಗೆ ಹೊರಟರು. ಮರುವರ್ಷ ಹೆಂಡತಿ, ಮಗಳು ಹಿಂಬಾಲಿಸಿದರು. ಕರಿಕಾಡಿನ (ಬ್ಲ್ಯಾಕ್ ಫಾರೆಸ್ಟ್) ಅಂಚಿನ ಕಾಲ್ವ್ ಎಂಬ ಪುಟ್ಟ ಊರಿನ ಪ್ರಕಾಶನ ಸಂಸ್ಥೆಯಲ್ಲಿ ಗುಂಡರ್ಟರಿಗೆ ಕೆಲಸ ಸಿಕ್ಕಿತು. ಊರು ಸೇರಿದರೂ ಅವರ ಮೇಜಿನ ಮೇಲೆ ಮಲಬಾರೇ ಹರಡಿತ್ತು. ಹನ್ನೆರಡು ವರ್ಷ ಅಲ್ಲಿ ಕುಳಿತು ಮಲಯಾಳಂ–ಇಂಗ್ಲಿಷ್ ನಿಘಂಟನ್ನು ಪೂರೈಸಿದರು. 1872ರಲ್ಲಿ ಅದು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ.

ಮರೀ 1865ರಲ್ಲಿ ಚಾರ್ಲ್ಸ್ ಇಸೆನ್‌ಬರ್ಗ್ ಎಂಬ ಪಾದ್ರಿಯನ್ನು ಮದುವೆಯಾಗಿ ಸಿಂಧ್ ಪ್ರಾಂತದ ಹೈದರಾಬಾದಿಗೆ ಹೋದರು. ಗಂಡನ ಆರೋಗ್ಯ ಕೆಟ್ಟು ಜರ್ಮನಿಗೆ ಮರಳಿದರು; 1870ರಲ್ಲಿ ಆತ ತೀರಿಕೊಂಡ. ಇಬ್ಬರು ಗಂಡುಮಕ್ಕಳೊಡನೆ ಮರೀ ಕಾಲ್ವಿನ ತವರಿಗೆ ಬಂದರು. ಆ ಮನೆಗೆ 1873ರಲ್ಲಿ ಇನ್ನೊಬ್ಬ ಸೋತು ಬಂದ ಪಾದ್ರಿ ಸೇರಿಕೊಂಡರು. ಎಸ್ಟೋನಿಯಾದಲ್ಲಿ ವೈದ್ಯರ ಮಗನಾಗಿ ಹುಟ್ಟಿ, 1869ರಲ್ಲಿ ಮಂಗಳೂರಿಗೆ ಬಂದು, ನಾಲ್ಕೇ ವರ್ಷದಲ್ಲಿ ಆರೋಗ್ಯ ಕಳೆದುಕೊಂಡು ಹಿಂತಿರುಗಿದ ಯೊಹಾನೆಸ್ ಹೆಸ್ಸೆ. ಗುಂಡರ್ಟರಿಗೆ ಸಹಾಯಕರಾಗಿ ನೇಮಕವಾದ ಅವರು ಮರುವರ್ಷ ಮರೀಯನ್ನು ಮದುವೆಯಾದರು. 1877ರ ಜುಲೈ 2ರಂದು ಅವರಿಗೆ ಹುಟ್ಟಿದ ಗಂಡುಮಗುವಿಗೆ ಅಜ್ಜನ ಹೆಸರಿಟ್ಟರು: ಹೆರ್ಮನ್. ಮುಂದೆ ‘ಸಿದ್ಧಾರ್ಥ’ ಬರೆದ, 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಹೆರ್ಮನ್ ಹೆಸ್ಸೆ.

ಊರಿಗೆ ಮರಳುವುದೆಂದರೆ ಎಲ್ಲ ಸರಿಹೋಗುವುದು ಎಂದು ನಾವು ತಿಳಿಯುತ್ತೇವೆ. ಹೆಸ್ಸೆ ಮನೆತನದ ಕಥೆ ಹಾಗೆ ಹೇಳುವುದಿಲ್ಲ. ತಾಯಿ ಹುಟ್ಟಿದ್ದು ಮಲಬಾರಿನಲ್ಲಿ, ತಂದೆ ರಷ್ಯಾ ಚಕ್ರಾಧಿಪತ್ಯದ ಪ್ರಜೆ. ಮಗ ಹುಟ್ಟಿದ್ದು ಜರ್ಮನಿಯಲ್ಲಿ, ಪೌರತ್ವ ಸಿಕ್ಕಿದ್ದು 1883ರಲ್ಲಿ ಸ್ವಿಟ್ಜರ್ಲೆಂಡಿನದು, ಮುಂದೆ ಪರೀಕ್ಷೆಗೆ ಕೂರಿಸಲೆಂದು ವುರ್ಟೆಂಬರ್ಗಿನದು. 1881ರಿಂದ 1886ರವರೆಗೆ ಕುಟುಂಬ ಬಾಸೆಲಿನಲ್ಲಿತ್ತು. ತುಂಟ ಹೆರ್ಮನ್‌ನನ್ನು ಹತೋಟಿಗೆ ತರಲು 1884ರಲ್ಲಿ ಕೆಲವು ತಿಂಗಳು ಮಿಶನ್ನಿನ ಹುಡುಗರ ಮನೆಗೇ ಸೇರಿಸಿದರು. ಅಪ್ಪ ಅಮ್ಮ ಅದೇ ಊರಿನಲ್ಲಿದ್ದರು. ಮಗ ಭಾನುವಾರಗಳಂದು ಮನೆಗೆ ಬಂದು ಹೋಗುತ್ತಿದ್ದ. ಬಾಲ್ಯದಲ್ಲಿ ಹೆತ್ತವರಿಂದ ಅಗಲಿ ಬೆಳೆದ ತಾಯಿಗೆ, ಮಕ್ಕಳನ್ನು ದೂರವಿಟ್ಟು ತಿದ್ದುವುದೇ ಸಹಜ ದಾರಿಯಾಗಿ ಕಂಡಿತೇ? ಹಾಗನ್ನಿಸದೆ ಇರದು. 1892ರ ಮಾರ್ಚಿನಲ್ಲಿ ಹೆರ್ಮನ್ ಮೌಲ್‌ಬ್ರೊನ್‌ನ ಧರ್ಮಶಿಕ್ಷಣ ಶಾಲೆಯಿಂದ ಓಡಿಹೋದ. ಆ ವರ್ಷವೇ ಸಾಯಲು ಹೊರಟ. ಹುಡುಗನ ಆ ತಳಮಳದ ಬೇರು ಒಂದೇ ಕಡೆ ಇತ್ತೆನ್ನಲಾಗದು. ಆದರೆ ಮೂರು ತಲೆಮಾರು ಅಗಲಿಕೆಯನ್ನೇ ಸದ್ಗುಣವೆಂದು ಎಣಿಸಿದ ಮನೆಯಲ್ಲಿ ಅವನು ಬೆಳೆದನೆಂಬುದನ್ನು ಮರೆಯುವಂತಿಲ್ಲ.

ಅದೇ ಮನೆ ಅವನಿಗೆ ಭಾರತವನ್ನೂ ಕೊಟ್ಟಿತು. ಹಲವು ಭಾಷೆ ಬಲ್ಲ ಅಜ್ಜ, ಅವರ ಕಪಾಟಿನ ಪುಸ್ತಕಗಳು, ದೇಶದೇಶಗಳಿಂದ ಬರುವ ಅತಿಥಿಗಳು, ತಾಯಿಯ ಬಾಯಿಂದ ಕೇಳಿದ ಕಥೆಗಳು. 1911ರಲ್ಲಿ ಹೆಸ್ಸೆ ಪೂರ್ವ ದೇಶಗಳಿಗೆ ಹೊರಟರು. ಸಿಂಗಪುರ, ಸುಮಾತ್ರ, ಸಿಂಹಳ ಕಂಡರು. ತಾಯಿ ಹುಟ್ಟಿದ, ತಂದೆ ದುಡಿದ ಕರಾವಳಿಗೆ ಬರಲೇ ಇಲ್ಲ. ‘ಸಿದ್ಧಾರ್ಥ’ ಬಂದದ್ದು 1922ರಲ್ಲಿ. ಮನೆ ಬಿಟ್ಟು ಹೊರಡುವ ಮಗ, ಅವನನ್ನು ತಡೆಯಲಾಗದ ತಂದೆ, ಮುಂದೆ ತನ್ನ ಮಗನೇ ತನ್ನನ್ನು ಬಿಟ್ಟು ಓಡಿದಾಗ ಬೇಯುವ ಅಪ್ಪ: ಆ ಕಾದಂಬರಿಯ ಈ ಸಂಕಟಕ್ಕೆ ಬುದ್ಧನ ಕಾಲದ ವೇಷವಿದೆ. ಅದರ ಬಿಸಿ ಮಾತ್ರ ಮಿಶನ್ ಮನೆಗಳದು ಎಂದೇ ನಾನು ನಂಬುತ್ತೇನೆ.

ಮಂಗಳೂರಿನಿಂದ ಬಾಸೆಲಿಗೆ ಹೋದವನು

ಎದುರು ದಿಕ್ಕಿನಲ್ಲಿ ಪಯಣಿಸಿದವನೊಬ್ಬನನ್ನು ನೆನೆಯದಿದ್ದರೆ ಈ ಕಥೆ ಒಕ್ಕಣ್ಣಿನದಾಗುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ಮೋಗ್ಲಿಂಗರ ಪ್ರಭಾವದಿಂದ ಕ್ರೈಸ್ತನಾದ. ಊರಿನಲ್ಲಿ ಗಲಭೆ ಎದ್ದಿತು. ಜಾತಿ, ಬಂಧುಬಳಗ ಎಲ್ಲ ಕಡಿದುಹೋದವು. 1846ರಲ್ಲಿ ಮೋಗ್ಲಿಂಗರ ಜೊತೆ ಬಾಸೆಲಿಗೆ ಹೋಗಿ ಐದು ವರ್ಷ ಓದಿ, ಪಾದ್ರಿಯಾಗಿ 1851ರಲ್ಲಿ ಮಂಗಳೂರಿಗೆ ಮರಳಿದ. ಬೀದಿಗಳು ಅವೇ, ಕಡಲು ಅದೇ. ಹುಟ್ಟಿದ ಮನೆಯ ಹೊಸ್ತಿಲು ಮಾತ್ರ ಅವನದಾಗಿ ಉಳಿದಿರಲಿಲ್ಲ. ಮುಂದೆ ಜರ್ಮನ್ ಹೆಣ್ಣೊಬ್ಬಳನ್ನು ಮದುವೆಯಾದ. ಕೊಡಗಿನಲ್ಲಿ ಜೀತದ ಬದುಕು ಬಿಟ್ಟು ಬಂದ ಹೊಲೆಯ ಕುಟುಂಬಗಳಿಗೆ ನೆಲೆಯಾದ ಆನಂದಪುರಕ್ಕೆ ಅವನದೇ ಹೆಸರು.

ಪಾದ್ರಿಗಳು ಬಂದದ್ದು ಮತಪ್ರಚಾರಕ್ಕೆ. ಇಲ್ಲಿನ ದೇವರು, ಆಚರಣೆಗಳ ಬಗ್ಗೆ ಅವರು ಬರೆದ ಎಷ್ಟೋ ಮಾತು ಕಟುವಾಗಿದೆ. ಅವರ ಮಕ್ಕಳ ಸಂಕಟಕ್ಕೆ ಮಿಡಿಯುವ ನಾವು ಕೌಂಡಿನ್ಯನ ತಾಯಿಯ ಸಂಕಟಕ್ಕೂ ಮಿಡಿಯಬೇಕು. ಒಂದೇ ನಂಬಿಕೆ ಬಾಸೆಲಿನಲ್ಲೂ ಮಂಗಳೂರಿನಲ್ಲೂ ಮನೆಗಳನ್ನು ಒಡೆಯಿತು. ಕೊಡಗಿನ ಜೀತದಾಳುಗಳಿಗೆ ಅದೇ ನಂಬಿಕೆ ಸ್ವಂತದ ಸೂರು ಕೊಟ್ಟಿತು ಎಂಬುದೂ ಅಷ್ಟೇ ನಿಜ.

ಗೋಲ್ಕೊಂಡ ಹಡಗು

1914ರಲ್ಲಿ ಯುದ್ಧ ಬಂತು. ನಿನ್ನೆಯವರೆಗೆ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರು ದೇಶದವರಾದರು. ಗಂಡಸರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಹೆಂಗಸರು, ಮಕ್ಕಳು 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಯುರೋಪಿಗೆ ಹೋಗಬೇಕಾಯಿತು. ದಶಕಗಳ ಹಿಂದೆ ಕಮಿಟಿಯ ನಿಯಮ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿತ್ತು. ಈಗ ಸರ್ಕಾರದ ಹುಕುಂ ತಂದೆಯಿಂದ ಬೇರ್ಪಡಿಸಿತು. ಕೊನೆಗೆ ಮಿಶನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕೆಲಸ ಕರಾವಳಿಯ ಸೂರುಗಳ ಬಣ್ಣವನ್ನೇ ಬದಲಿಸಿತ್ತು. ಅದನ್ನು ಕಟ್ಟಿ ಬೆಳೆಸಿದವರ ಸಂಸಾರಗಳು ಸೋತ ಜರ್ಮನಿಯಲ್ಲಿ ಸೂರು ಹುಡುಕಿಕೊಳ್ಳಬೇಕಾಯಿತು.

ಋಣದ ಲೆಕ್ಕ

ಈ ಕಥೆ ಇಂದಿನ ಕರಾವಳಿಗೆ ಹಳತಲ್ಲ. ದುಬೈ, ದೋಹಾ, ಕುವೈತಿನಲ್ಲಿ ದುಡಿಯುವ ಅಪ್ಪ ಅಮ್ಮಂದಿರ ಎಷ್ಟು ಮಕ್ಕಳು ಅಜ್ಜಿಯ ಮನೆಯಲ್ಲಿ, ಮಂಗಳೂರು, ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಬೆಳೆಯುತ್ತಿದ್ದಾರೆ! ಅವರ ಕೈಯಲ್ಲಿ ಮೊಬೈಲ್ ಇದೆ. ಅಮ್ಮನ ಮುಖ ದಿನವೂ ಕಾಣುತ್ತದೆ. ಆದರೂ ಜ್ವರ ಬಂದ ರಾತ್ರಿ ಹಣೆ ಮುಟ್ಟುವ ಕೈ ಬೇರೆಯದೇ. ದೊಡ್ಡ ಕಾರಣಕ್ಕಾಗಿ ಮನೆಯನ್ನು ಬಿಟ್ಟವರನ್ನು ನಾವು ಹೊಗಳುತ್ತೇವೆ. ಆ ಕಾರಣವನ್ನು ಆರಿಸಿಕೊಳ್ಳದೆಯೇ ಬೆಲೆ ತೆತ್ತ ಮಕ್ಕಳನ್ನು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದೇ ಈ ಲೇಖನದ ಮಾತು.

ಕೇಳುವ ದಾರಿ ತೆರೆದೇ ಇದೆ. ಮಿಶನ್ನಿನ ಕಾಗದಪತ್ರ, ಛಾಯಾಚಿತ್ರಗಳು ಬಾಸೆಲಿನಲ್ಲಿ ಜೋಪಾನವಾಗಿವೆ. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲೂ ಸಂಗ್ರಹವಿದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟರ ಸಂಗ್ರಹದ ಹಸ್ತಪ್ರತಿಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಚ್ಚಿಟ್ಟಿದೆ. ಕೇರಳ ತಲಶ್ಶೇರಿಯ ಗುಂಡರ್ಟ್ ಬಂಗಲೆಯನ್ನು ವಸ್ತುಸಂಗ್ರಹಾಲಯವಾಗಿಸಿದೆ. ಮರೀ ಅವರ ದಿನಚರಿ, ಪತ್ರಗಳನ್ನು ಮಗಳು ಅಡೆಲೆ 1934ರಲ್ಲೇ ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿಸಿದರು.

ಕನ್ನಡದ ಪಾಲಿನ ಕೆಲಸ ಬಾಕಿಯಿದೆ. ಬಾಸೆಲಿನ ಕಪಾಟುಗಳಲ್ಲಿರುವ ಧಾರವಾಡ, ಮಂಗಳೂರು, ಕೊಡಗಿನ ಪಾದ್ರಿಯಮ್ಮಂದಿರ ಕಾಗದಗಳನ್ನು ಆರಿಸಿ, ಜರ್ಮನ್ ಬಲ್ಲ ಕನ್ನಡಿಗರ ಕೈಯಲ್ಲಿ ಅನುವಾದ ಮಾಡಿಸಿ ಒಂದು ಸಂಪುಟ ತರುವುದು ನಮ್ಮ ವಿಶ್ವವಿದ್ಯಾಲಯಗಳಿಗೆ, ಅಕಾಡೆಮಿಗಳಿಗೆ ಕಷ್ಟದ ಮಾತಲ್ಲ. ಆ ಬಂಗಲೆಗಳ ಅಡುಗೆಮನೆ, ಹೆರಿಗೆಕೋಣೆ, ಆಯಾಗಳ ಹೆಸರು, ಮಕ್ಕಳ ಮೊದಲ ಮಾತು ನಮ್ಮ ಸಾಮಾಜಿಕ ಚರಿತ್ರೆಯ ಭಾಗವೂ ಹೌದು. ಕಿಟೆಲ್, ಮೋಗ್ಲಿಂಗರಿಗೆ ಪ್ರತಿವರ್ಷ ಹಾರ ಹಾಕುವ ನಾಡು ಪೌಲೀನೆಯರ, ಜೂಲಿಯರ ಕಾಗದಗಳನ್ನೂ ಓದಲಿ. ನಮ್ಮ ಭಾಷೆಗೆ ಬಂದ ಆ ಸಂಪತ್ತಿನ ಪೂರ್ತಿ ಬೆಲೆ ಅರಿತ ಮೇಲೆಯೇ ನಾವು ಸಲ್ಲಿಸುವ ಕೃತಜ್ಞತೆಯೂ ಪೂರ್ತಿಯಾದೀತು.